ಅಡುಗೆಮನೆ ಹಿಂದಿನ ಹಳದಿ ಬಳ್ಳಿ

ಸ್ವಲ್ಪ ತಾಳಿ. ಯಾರದೋ ಮನೆಯ ಅಂಗಳದಲ್ಲಿ ಚಂದ ಕಂಡಿತೆಂದು ಹಳದಿ ಹೂವಿನ ಬಳ್ಳಿಯ ತುಂಡೊಂದನ್ನು ತಂದು, ನೀರಿನ ಲೋಟದಲ್ಲಿಟ್ಟುಕೊಂಡು, ಎಲ್ಲಿ ನೆಡಲಿ ಎಂದು ನೋಡುತ್ತಿದ್ದರೆ ದಯವಿಟ್ಟು ಅದು ಲೋಟದಲ್ಲೇ ಇರಲಿ. ಇದನ್ನು ಓದಿ ಮುಗಿಸಲು ಕಾಲು ಗಂಟೆ ಬೇಕಾಗಬಹುದು. ಅಷ್ಟರಲ್ಲಿ ಅದು ಸಾಯುವುದಿಲ್ಲ. ಒಂದು ವಾರ ಬಿಟ್ಟರೂ ಸಾಯುವುದಿಲ್ಲ. ನನ್ನ ಗೋಳು ಇರುವುದೇ ಅಲ್ಲಿ.

ನಾನು ಗಿಡಗಳ ವಿಷಯ ಓದಿ ಪಾಸಾದವನಲ್ಲ. ಮೂಡಿಗೆರೆಯಿಂದ ದೇವರಮನೆ ಕಡೆ ಹೋಗುವ ರಸ್ತೆಯ ಪಕ್ಕ ನಮ್ಮದೊಂದು ಜೀಪ್ ಗ್ಯಾರೇಜಿದೆ. ಅಬ್ಬಾ ಎಂಜಿನ್ ನೋಡುತ್ತಾರೆ, ನಾನು ಉಳಿದದ್ದೆಲ್ಲ ನೋಡುತ್ತೇನೆ, ಮಧ್ಯೆ ಮಧ್ಯೆ ಗಿಡ ನೋಡುತ್ತೇನೆ. ವಾರಕ್ಕೊಮ್ಮೆ ಸ್ಪೇರ್ ತರಲು ಪೇಟೆಗೆ ಹೋದಾಗ ಅಲ್ಲಿನ ಸೈಬರ್ ಸೆಂಟರಿನಲ್ಲಿ ಕೂತು ಇಂಥದ್ದನ್ನೆಲ್ಲ ಟೈಪ್ ಮಾಡಿ ಬ್ಲಾಗಿಗೆ ಹಾಕುತ್ತೇನೆ. ಉಗುರಿನ ಗ್ರೀಸು ಕೀಬೋರ್ಡಿಗೆ ಹತ್ತುತ್ತದೆಂದು ಅಲ್ಲಿಯವರು ನನಗೆ ಮೂಲೆಯ ಹಳೇ ಕಂಪ್ಯೂಟರನ್ನೇ ಕೊಡುತ್ತಾರೆ. ಅಕ್ಷರ ತಪ್ಪಿದ್ದರೆ ಅರ್ಧ ತಪ್ಪು ಕಂಪ್ಯೂಟರಿನದು.

ಇವತ್ತು ಬರೆಯಲು ಕೂತದ್ದಕ್ಕೆ ಕಾರಣ ಒಂದು ಮಡ್‌ಗಾರ್ಡು. ನಿನ್ನೆ ದೇವರಮನೆ ಕಡೆಯಿಂದ ಸ್ಪ್ರಿಂಗ್ ಪ್ಲೇಟ್ ಕಟ್ಟಾದ ಜೀಪೊಂದು ಬಂತು. ಹಿಂದಿನ ಚಕ್ರ ಬಿಚ್ಚಿ, ಮಡ್‌ಗಾರ್ಡಿನೊಳಗೆ ಕೈಹಾಕಿ ಕೆಸರು ಕೆರೆಯುತ್ತಿದ್ದೆ. ಕೆಸರಿನ ಹೆಂಟೆಯ ಜೊತೆ ಒಂದು ಕಡ್ಡಿ ಬಂತು. ಕಡ್ಡಿಗೆ ಎರಡು ಹಸಿರೆಲೆ. ಗಂಟಿನಿಂದ ಅಕ್ಕಿಕಾಳಿನಷ್ಟುದ್ದ ಬೆಳ್ಳಗಿನ ಬೇರು. ಮಣ್ಣಿನ ಮೇಲಲ್ಲ, ತಗಡಿನ ಒಳಗೆ, ಚಕ್ರ ತಿರುಗುವ ಜಾಗದಲ್ಲಿ ಅದು ಸಂಸಾರ ಹೂಡಿತ್ತು.

"ಏನ್ ಮಾರಾಯ, ಹಾವು ಕಂಡಂಗೆ ಕೈ ಎಳ್ಕೊಂಡೆ?" ಎಂದ ಡ್ರೈವರು.

"ಈ ಜೀಪು ಎಲ್ಲೆಲ್ಲಿ ಹೋಗಿತ್ತು ಅಣ್ಣ?"

"ಎಲ್ಲೆಲ್ಲಿ ಅಂದ್ರೆ? ತೋಟಕ್ಕೆ ಹೋಗಿತ್ತು, ಸಂತೆಗೆ ಹೋಗಿತ್ತು. ಮೊನ್ನೆ ನೆಂಟ್ರು ಬಂದಿದ್ರು, ದೇವರಮನೆ ಗುಡ್ಡದ ತುದಿವರ್ಗೂ ಹತ್ತಿಸಿದ್ದೆ. ಯಾಕೆ, ಕೇಸ್ ಹಾಕ್ತೀಯಾ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಗುಡ್ಡದ ತುದಿಯಲ್ಲಿ ಬರೀ ಹುಲ್ಲು. ಗಾಳಿ ಬಂದರೆ ಇಡೀ ಗುಡ್ಡ ಒಂದೇ ಕಡೆ ವಾಲುವಂಥ ಹುಲ್ಲು. ಅಲ್ಲೆಲ್ಲೋ ಚಕ್ರದಿಂದ ಒಂದು ಗೇಣು ಬಳ್ಳಿ ಉದುರಿ ಬಿದ್ದಿದ್ದರೆ ಎಂದು ಯೋಚಿಸುತ್ತ ಆ ಕಡ್ಡಿಯನ್ನು ಡಬ್ಬಿಗೆ ಹಾಕಿ ಸುಟ್ಟೆ. ಸುಟ್ಟ ಮೇಲೂ ಬೂದಿಯನ್ನು ಕೆದಕಿ ನೋಡಿದೆ. ಅಬ್ಬಾ ಇದನ್ನು ನೋಡುತ್ತ ಸ್ಪ್ಯಾನರ್ ಒರೆಸುತ್ತ ಕೂತರು. ಅವರಿಗೆ ಗೊತ್ತು, ಆ ಬಳ್ಳಿ ಈ ಸೀಮೆಗೆ ಹೇಗೆ ಬಂತೆಂದು. ಪೂರ್ತಿ ಸೀಮೆಯದ್ದು ನಾನು ಹೇಳಲಾರೆ. ನಮ್ಮ ರಸ್ತೆಗೆ ಅದನ್ನು ತಂದವನು ನಾನು.

ಗ್ಯಾರೇಜಿಗೆ ಸಮತಟ್ಟು ಜಾಗ ಬೇಕೆಂದು ನಾನು ಹುಟ್ಟುವ ಮೊದಲೇ ಅಬ್ಬಾ ಗುಡ್ಡ ಕಡಿಸಿದ್ದರು. ಹಿಂದೆ ಎರಡಾಳೆತ್ತರದ ಧರೆ, ಕೆಂಪು ಮಣ್ಣಿನದು, ನೆಟ್ಟಗೆ ಗೋಡೆಯ ಹಾಗೆ. ಧರೆಯ ಒಂದರ್ಧ ಗ್ಯಾರೇಜಿನ ಹಿಂದೆ, ಇನ್ನೊಂದರ್ಧ ನಮ್ಮ ಅಡುಗೆಮನೆಯ ಹಿಂದೆ. ಅಡುಗೆಮನೆಗೂ ಧರೆಗೂ ಮಧ್ಯೆ ಒಬ್ಬರು ಬಿಂದಿಗೆ ಹಿಡಿದು ಅಡ್ಡ ತಿರುಗುವಷ್ಟು ಜಾಗ. ಪ್ರತಿ ಮಳೆಗಾಲದಲ್ಲಿ ಅದು ಸ್ವಲ್ಪ ಸ್ವಲ್ಪ ಕೆಳಗೆ ಬರುತ್ತಿತ್ತು. ಅಮ್ಮಿ ಹಿಂದಿನ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತಿದ್ದರು. ಬಾಗಿಲು ಹಾಕಿದರೆ ಮಣ್ಣು ಬರುವುದಿಲ್ಲವೆಂದಲ್ಲ, ಬರುವುದು ಕಾಣುವುದಿಲ್ಲವೆಂದು. ಒಂದು ಸಲ ಪುಷ್ಯ ಮಳೆಯಲ್ಲಿ ಬಾಗಿಲ ಸಂದಿಯಿಂದ ಕೆಂಪು ರಾಡಿ ನುಗ್ಗಿ ರುಬ್ಬುವ ಕಲ್ಲಿನವರೆಗೆ ಬಂತು. ಅಬ್ಬಾ ಹಳೇ ಟಯರುಗಳನ್ನು ಒಂದರ ಮೇಲೊಂದು ಪೇರಿಸಿ ತಡೆ ಕಟ್ಟಿದರು. ಮುಂದಿನ ವರ್ಷ ಮಣ್ಣಿನ ಜೊತೆ ಟಯರುಗಳೂ ಬಂದವು.

ನನಗೆ ಗಿಡದ ಹುಚ್ಚು ಹಿಡಿಸಿದವರು ಪಕ್ಕದ ತೋಟದ ಲಲಿತಕ್ಕ. ಗಂಡ ತೀರಿಕೊಂಡ ಮೇಲೆ ನಾಲ್ಕೆಕರೆ ಕಾಫಿಯನ್ನು ಒಬ್ಬರೇ ನೋಡಿಕೊಳ್ಳುವವರು. ಮಳೆಗಾಲದಲ್ಲಿ ಅವರ ಅಂಗಳದಲ್ಲಿ ಊಟದ ತಟ್ಟೆಯಷ್ಟಗಲದ ಡೇರೆ ಹೂವು ಬಿಡುತ್ತಿತ್ತು. ನಾನು ಬೇಲಿ ಪಕ್ಕ ನಿಂತು ನೋಡುತ್ತಿದ್ದೆ. ಅವರು ಗೆಡ್ಡೆ ಕೊಟ್ಟರು. ನಾನು ನೆಟ್ಟೆ, ದಿನಾ ಬೆಳಿಗ್ಗೆ ಅಗೆದು ಮೊಳಕೆ ಬಂದಿದೆಯಾ ಎಂದು ನೋಡಿದೆ, ಅದು ಕೊಳೆಯಿತು. ಗುಲಾಬಿಗೆ ಕಬ್ಬಿಣ ಒಳ್ಳೆಯದೆಂದು ಕಡಲೆಕಾಯಿ ಕಟ್ಟಿಕೊಟ್ಟ ಪೇಪರಿನಲ್ಲಿ ಓದಿದ್ದೆ. ಗ್ಯಾರೇಜಿನಲ್ಲಿ ಕಬ್ಬಿಣಕ್ಕೇನು ಬರ. ನಾಲ್ಕು ನಟ್ಟು ಬೋಲ್ಟು, ಒಂದು ಒಡೆದ ಬೇರಿಂಗು ಹಾಕಿದೆ. ಬೇರಿಂಗಿನಲ್ಲಿ ಗ್ರೀಸಿತ್ತು. ಗುಲಾಬಿಯೂ ಹೋಯಿತು. ಸತ್ತ ಗಿಡಗಳಿಗೆಲ್ಲ ಟೂತ್‌ಪೇಸ್ಟ್ ಡಬ್ಬಿಯ ರಟ್ಟಿನಲ್ಲಿ ಹೆಸರು ಬರೆದು ನೆಟ್ಟಿದ್ದೆ, ನಮ್ಮ ಹಿತ್ತಲು ಕಬರಸ್ಥಾನದ ಹಾಗಿತ್ತು.

"ನಾನು ಕೊಟ್ಟಿದ್ದಕ್ಕೇ ಹಿಂಗಾಯ್ತು," ಎಂದರು ಲಲಿತಕ್ಕ. "ಕೇಳಿ ತಂದ ಗಿಡ ಹಿಡಿಯಲ್ಲ ಕಣೋ ಅನ್ವರ. ಹೇಳ್ದೆ ಕೇಳ್ದೆ ಚಿವುಟ್ಕೊಂಡು ಬರ್ಬೇಕು. ನನ್ನ ಅಂಗಳದಲ್ಲಿ ಇರೋದೆಲ್ಲ ಹಂಗೇ ಬಂದಿದ್ದು."

ನಮ್ಮ ಕಡೆ ಹೆಂಗಸರೆಲ್ಲ ಇದನ್ನು ನಂಬುತ್ತಾರೆ. ಮದುವೆಗೆ ಹೋದರೂ ವ್ಯಾನಿಟಿ ಬ್ಯಾಗಿನಲ್ಲಿ ಒದ್ದೆ ಬಟ್ಟೆಯ ತುಂಡಿರುತ್ತದೆ. ಆತಿಥೇಯರಿಗೂ ಗೊತ್ತು, ಅವರು ಆಚೆ ತಿರುಗಿ ನಿಲ್ಲುತ್ತಾರೆ. ಇದರಲ್ಲಿ ಒಂದು ತೊಂದರೆ ಇದೆಯೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಕೇಳಿ ತಂದರೆ ಗಿಡದ ಜೊತೆ ನಾಲ್ಕು ಮಾತೂ ಬರುತ್ತವೆ. ಕದ್ದು ತಂದರೆ ಗಿಡ ಮಾತ್ರ ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಗೇರ್‌ಬಾಕ್ಸಿನ ಸಾಮಾನು ತರಲು ಅಬ್ಬಾ ನನ್ನನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನ ಗೇಟಿನ ಪಕ್ಕ ಇಳಿಜಾರು ದಿಬ್ಬ. ದಿಬ್ಬದ ಮೇಲೆ ಒಂದು ಹಿಡಿ ಮಣ್ಣೂ ಕಾಣದ ಹಾಗೆ ಹೊಳೆಯುವ ಹಸಿರೆಲೆ, ಅದರ ತುಂಬ ಅಂಗಿ ಗುಂಡಿಯಷ್ಟಗಲದ ಹಳದಿ ಹೂವು, ಪುಟಾಣಿ ಸೂರ್ಯಕಾಂತಿಯ ಹಾಗೆ. ಸುಡು ಬಿಸಿಲಿನಲ್ಲಿ ಬೇರೆಲ್ಲ ಗಿಡ ಬಾಡಿ ನಿಂತಿದ್ದರೆ ಇದು ಈಗಷ್ಟೇ ಮುಖ ತೊಳೆದು ಬಂದಂತಿತ್ತು. ನನ್ನ ಕಣ್ಣಿಗೆ ಹೂವು ಕಾಣಲಿಲ್ಲ. ನಮ್ಮ ಧರೆ ಕಂಡಿತು. ಮಾಲಿ ಪೈಪು ಹಿಡಿದು ಆಚೆ ತಿರುಗಿದ್ದ. ಒಂದು ಗೇಣು ಚಿವುಟಿ ಜೇಬಿಗೆ ಹಾಕಿಕೊಂಡೆ.

ಬಸ್ಸಿನಲ್ಲಿ ಅಬ್ಬಾ ನನ್ನ ಜೇಬಿನಿಂದ ಇಣುಕಿದ ಎಲೆ ನೋಡಿದರು. "ಕೇಳಿ ತಂದ್ಯಾ?"

"ಕೇಳ್ಬಾರ್ದಂತೆ."

"ಯಾರು ಹೇಳಿದ್ದು?"

"ಲಲಿತಕ್ಕ."

ಅಬ್ಬಾ ಕಿಟಕಿಯಾಚೆ ನೋಡಿದರು. ಲಲಿತಕ್ಕ ಹೇಳಿದ್ದಕ್ಕೆ ಅವರು ಎದುರಾಡಿದವರಲ್ಲ.

ಗೇಣು ಬಳ್ಳಿಯನ್ನು ಐದು ತುಂಡು ಮಾಡಿ ಧರೆಯಲ್ಲಿ ಚುಚ್ಚಿದೆ. ಎಲ್ಲವೂ ಹಿಡಿಯಿತು. ನನ್ನ ಕೈಯಲ್ಲಿ ಗಿಡ ಸಾಯದೆ ಉಳಿದದ್ದು ಅದೇ ಮೊದಲು, ನಾನು ಅದಕ್ಕೆ ಎಷ್ಟು ಕೃತಜ್ಞನಾಗಿದ್ದೆನೆಂದು ಹೇಳಲಾರೆ. ಇದಕ್ಕೆ ಏನು ಬೇಕು ಎಂದು ಕೇಳಿದರೆ ಏನು ಬೇಡ ಎಂದು ಹೇಳುವುದು ಸುಲಭ. ಗೊಬ್ಬರ ಬೇಡ. ಬಿಸಿಲಾದರೆ ಹೂವು ಜಾಸ್ತಿ, ನೆರಳಾದರೆ ಎಲೆ ಜಾಸ್ತಿ. ನೀರು ನಿಂತ ಚರಂಡಿಯಲ್ಲಿ ಸೈ, ಸುಟ್ಟ ಎಂಜಿನಾಯಿಲ್ ಸುರಿದ ನೆಲದಲ್ಲೂ ಸೈ. ಬೀಜದ ಗೊಡವೆ ಇಲ್ಲ, ಗೆಣ್ಣು ಮಣ್ಣಿಗೆ ತಾಗಿದರೆ ಅಲ್ಲೊಂದು ಬೇರು, ಅಲ್ಲಿಂದ ಎರಡು ಕವಲು. ತುಂಡಾದಷ್ಟೂ ಗಿಡ. ಹೆಸರು ವೆಡೀಲಿಯಾ ಎಂದೂ, ಸಮುದ್ರದಾಚೆಯ ಯಾವುದೋ ಬಿಸಿ ದೇಶದಿಂದ ಅಂದಕ್ಕಾಗಿ ತಂದದ್ದೆಂದೂ ನನಗೆ ಗೊತ್ತಾದದ್ದು ಆಮೇಲೆ, ಇದೇ ಸೈಬರಿನಲ್ಲಿ. ಆಗ ನಾವಿಟ್ಟ ಹೆಸರು ಹಳದಿ ಬಳ್ಳಿ.

ಎರಡು ಮಳೆಗಾಲದಲ್ಲಿ ಧರೆಯೆಲ್ಲ ಮುಚ್ಚಿತು. ಆ ವರ್ಷ ಮಣ್ಣು ಬೀಳಲಿಲ್ಲ. ಅಮ್ಮಿ ಆಶ್ಲೇಷ ಮಳೆಯಲ್ಲಿ ಹಿಂದಿನ ಬಾಗಿಲು ತೆಗೆದಿಟ್ಟು ರೊಟ್ಟಿ ಸುಟ್ಟರು. ನನ್ನ ಜೀವಮಾನದಲ್ಲಿ ಅದನ್ನು ಮೊದಲ ಸಲ ನೋಡಿದೆ. ಹೊಗೆ ಆಚೆ ಹೋಗುತ್ತಿತ್ತು, ಅಡುಗೆಮನೆಯಲ್ಲಿ ಬೆಳಕಿತ್ತು. ರೊಟ್ಟಿ ತಟ್ಟುತ್ತ ಧರೆಯ ಕಡೆ ನೋಡಿ, "ನಿನ್ನ ಹೂವು ಚೆನ್ನಾಗಿದೆ," ಎಂದರು. ಅಮ್ಮಿ ಯಾವುದನ್ನೂ ಹಾಗೆ ಹೊಗಳುವವರಲ್ಲ.

ನಾನು ದೊಡ್ಡ ಮನುಷ್ಯನಾದೆ. ರಿಪೇರಿಗೆ ಬಂದವರೆಲ್ಲ ಕೇಳುತ್ತಿದ್ದರು, ನಾನು ಕಟ್ಟು ಕಟ್ಟಿ ಕೊಡುತ್ತಿದ್ದೆ. ಕಳಸದ ಕಡೆಗೆ ಹೋಯಿತು, ಅತ್ತಿಗುಂಡಿಯ ಒಂದು ಜೀಪಿನವರೂ ಒಯ್ದರು. ಕದ್ದೊಯ್ಯಲಿ ಎಂದು ಕೆಲವರಿಗಾಗಿ ನಾನೇ ಆಚೆ ತಿರುಗಿ ನಿಂತೆ. ಯಾರ್ಯಾರಿಗೆ ಕೊಟ್ಟೆನೆಂದು ಈಗ ಒಬ್ಬೊಬ್ಬರನ್ನೇ ನೆನಪು ಮಾಡಿಕೊಳ್ಳುತ್ತೇನೆ. ಪೂರ್ತಿ ನೆನಪಾಗುವುದಿಲ್ಲ, ಅದೇ ಹೆದರಿಕೆ.

ಬಳ್ಳಿ ಧರೆಯಿಂದ ಇಳಿದು ಗ್ಯಾರೇಜಿನ ಅಂಗಳಕ್ಕೆ ಬಂತು. ಎಂಜಿನ್ ಇಳಿಸಿ ನಿಲ್ಲಿಸಿದ್ದ ಒಂದು ಜೀಪಿಗೆ ಸಾಮಾನು ಬರುವುದು ತಡವಾಯಿತು. ಒಂದು ಬೆಳಿಗ್ಗೆ ನೋಡಿದರೆ ಪೆಡಲಿನ ತೂತಿನಿಂದ ಹತ್ತಿ ಸ್ಟೇರಿಂಗಿಗೆ ಸುತ್ತಿ ಹೂವು ಬಿಟ್ಟಿತ್ತು.

"ಇದಕ್ಕೆ ಡ್ರೈವಿಂಗೂ ಕಲಿಸಿದ್ಯಾ?" ಎಂದರು ಅಬ್ಬಾ.

ಅಂದಿನಿಂದ ತಿಂಗಳಿಗೊಮ್ಮೆ ಅಂಗಳದ್ದನ್ನು ಕಿತ್ತು ರಾಶಿ ಹಾಕುವುದು ನನ್ನ ಕೆಲಸವಾಯಿತು. ಲಲಿತಕ್ಕನ ದನಕ್ಕೆ ಕೊಟ್ಟು ನೋಡಿದೆ. ಅದು ಮೂಸಿ, ನನ್ನ ಮುಖ ನೋಡಿ, ಹಿಂದೆ ಸರಿಯಿತು. ನಾನು ಆ ದನದಷ್ಟು ಬುದ್ಧಿ ಓಡಿಸಿದ್ದರೆ ಸಾಕಿತ್ತು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಲಲಿತಕ್ಕ ನಮ್ಮ ಬೇಲಿಗೆ ತಾಗಿದ ಹಳೇ ಕಾಫಿ ಕಿತ್ತು ಹೊಸ ಗಿಡ ಹಾಕಿಸಿದ್ದರು. ಮೊಣಕಾಲೆತ್ತರದ ಎಳೆ ಗಿಡಗಳು. ಮಳೆಗಾಲ ಮುಗಿಯುವಾಗ ಬೇಸಿಗೆಯಲ್ಲಿ ಬುಡ ಒಣಗದಿರಲೆಂದು ಗಿಡದ ಸುತ್ತ ಸೊಪ್ಪು ಸದೆ ಮುಚ್ಚುತ್ತಾರೆ, ಕಾಫಿ ಮಾಡುವವರಿಗೆಲ್ಲ ಗೊತ್ತಿರುವ ಕೆಲಸ. ತೋಟದ ಕಳೆ ಕೊಚ್ಚಿ ಅದನ್ನೇ ಮುಚ್ಚುವುದು ವಾಡಿಕೆ. ಹೊಸ ಜಾಗದಲ್ಲಿ ಕಳೆ ಸಾಲಲಿಲ್ಲ.

"ಸೊಪ್ಪು ಎಲ್ಲಿ ತರ್ಲಿ ಮಾರಾಯ," ಎಂದು ಅವರು ಬೇಲಿಯ ಹತ್ತಿರ ನಿಂತು ಹೇಳಿದ್ದಷ್ಟೇ. ನಾನು ನನ್ನ ರಾಶಿ ತೋರಿಸಿದೆ.

"ಒಣಗಿಸಿ ಹಾಕ್ಬೇಕೇನೋ?"

"ಬೇಡ ಅಕ್ಕ, ಹಸಿರೇ ಹಾಕಿ. ಹಸಿರಾದ್ರೆ ಸತ್ವ ಜಾಸ್ತಿ," ಎಂದೆ. ಎಲ್ಲಿ ಓದಿದ್ದೆನೋ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾನೇ ಹೊತ್ತುಕೊಂಡು ಹೋಗಿ, ಪ್ರತಿ ಗಿಡದ ಬುಡಕ್ಕೂ ಸಿಂಬೆಯ ಹಾಗೆ ಸುತ್ತಿ, ಮೇಲೆ ಒಂದು ಹಿಡಿ ಮಣ್ಣೆಳೆದು, ಕಾಲಿನಿಂದ ಮೆಟ್ಟಿ ಬಂದೆ. ನರ್ಸರಿಯವರು ಕೂಡ ಅಷ್ಟು ಚೆನ್ನಾಗಿ ನೆಡುತ್ತಿರಲಿಲ್ಲ. ಸಂಜೆ ಲಲಿತಕ್ಕ ಚಕ್ಕುಲಿ ಕೊಟ್ಟರು.

ಹಿಂಗಾರು ಎರಡು ಸಲ ಚೆನ್ನಾಗಿ ಸುರಿಯಿತು. ಬೇಸಿಗೆಯಲ್ಲಿ ಅವರು ಎಳೆ ಗಿಡಗಳಿಗೆ ಕೊಡದಲ್ಲಿ ನೀರು ಹಾಕಿಸಿದರು. ಏಪ್ರಿಲ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಬಂತು. ಅದಾಗಿ ಕೆಲವು ವಾರಕ್ಕೆ ಬೇಲಿಯಾಚೆಯಿಂದ ಕರೆದರು.

"ಅನ್ವರ, ಬಾ ಇಲ್ಲಿ. ಕಾಫಿ ಗಿಡ ಎಲ್ಲಿದೆ ಹುಡುಕು ನೋಡಣ."

ನೋಡಿದೆ. ನೆಲವೆಲ್ಲ ಹಳದಿ. ಅಲ್ಲಲ್ಲಿ ಹಸಿರು ಗುಪ್ಪೆಗಳು. ಗುಪ್ಪೆ ಬಿಡಿಸಿದರೆ ಒಳಗೆ ಎಳೆ ಕಾಫಿ ಗಿಡ, ಎಲೆ ಬೆಳ್ಳಗಾಗಿ, ಕುತ್ತಿಗೆಗೆ ಬಳ್ಳಿ ಸುತ್ತಿಕೊಂಡು. ಕೆಲವು ಆಗಲೇ ಸತ್ತಿದ್ದವು.

"ಎಲ್ಲಿಂದ ಬಂತೋ ಇದು," ಎಂದರು ಲಲಿತಕ್ಕ, ನನ್ನ ಮುಖ ನೋಡುತ್ತ. "ಹಕ್ಕಿ ಗಿಕ್ಕಿ ತಂದು ಹಾಕ್ತೇನೋ."

"ಹಕ್ಕಿನೇ ಇರ್ಬೇಕು ಅಕ್ಕ," ಎಂದೆ.

ಆಮೇಲಿನ ಹತ್ತು ಹದಿನೈದು ದಿನ ನಾನು ಬೇಲಿಯ ಕಡೆ ಹೋಗಲಿಲ್ಲ. ಅವರ ಮನೆಯ ಮುಂದಿನಿಂದ ಹೋಗಬೇಕಾದರೆ ಕೈಯಲ್ಲಿ ಟಯರು ಉರುಳಿಸಿಕೊಂಡು ತಲೆ ಬಗ್ಗಿಸಿ ಹೋಗುತ್ತಿದ್ದೆ. ಕಣ್ಣು ಮುಚ್ಚಿದರೆ ನಾನು ಕಾಲಿನಿಂದ ಮಣ್ಣು ಮೆಟ್ಟಿದ್ದೇ ಕಾಣುತ್ತಿತ್ತು. ಕಡೆಗೆ ಚಿಕ್ಕಮಗಳೂರಿಗೆ ಹೋದಾಗ ಆ ಮಾಲಿಯನ್ನೇ ಹುಡುಕಿದೆ. ಅದೇ ಮನುಷ್ಯ, ಕೂದಲು ನೆರೆತಿತ್ತು. ದಿಬ್ಬದ ಸುತ್ತ ಸಿಮೆಂಟಿನ ಕಟ್ಟೆ ಬಂದಿತ್ತು.

"ನಾನು ಚಿಕ್ಕವನಿದ್ದಾಗ ಇಲ್ಲಿಂದ ಒಂದು ತುಂಡು ಕದ್ದಿದ್ದೆ," ಎಂದೆ.

"ಎಲ್ರೂ ಕದಿಯೋರೇ," ಎಂದ ಅವನು. "ಒಬ್ಬ್ರೂ ಕೇಳಲ್ಲ. ಕೇಳಿದ್ರೆ ಹೇಳ್ತಿದ್ದೆ, ಸುತ್ತ ಕಟ್ಟೆ ಇಲ್ದೆ ಹಾಕ್ಬೇಡಿ, ಕಿತ್ತಿದ್ದನ್ನ ಹಸೀದು ಎಲ್ಲೂ ಎಸೀಬೇಡಿ ಅಂತ. ನೀವು ಎಸೆದ್ರಾ?"

"ನೆಟ್ಟೆ," ಎಂದೆ.

ಮಾರನೇ ದಿನ ಲಲಿತಕ್ಕನ ಮನೆಗೆ ಹೋದೆ. ಅವರು ಅಂಗಳದಲ್ಲಿ ಮೆಣಸು ಹರಡುತ್ತಿದ್ದರು. ಹಕ್ಕಿಯಲ್ಲ, ನಾನು ಹಾಕಿದ ಸೊಪ್ಪೇ ಚಿಗುರಿದ್ದು ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಮೆಣಸು ಹರಡುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಯಾವ ಹಕ್ಕಿ ಮಾರಾಯ ಬುಡಬುಡಕ್ಕೆ ಸಿಂಬೆ ಸುತ್ತಿ ಹಾಕುತ್ತೆ? ಅದೂ ಸಾಲು ತಪ್ಪದಂಗೆ."

"ಮತ್ತೆ ಆವತ್ತು ಯಾಕೆ ಹಂಗಂದ್ರಿ?"

"ನೀನು ಏನಂತೀಯ ನೋಡಣ ಅಂತ. ಹಕ್ಕಿ ಮೇಲೆ ಹಾಕ್ದೆ." ಮೆಣಸಿನಿಂದ ಒಂದು ಕಡ್ಡಿ ಆರಿಸಿ ಎಸೆದರು. "ನಾನೂ ಕಂಡಿದ್ದೆನಲ್ಲ, ದನ ಮುಟ್ಲಿಲ್ಲ ಅಂತ. ಒಣಗಿಸ್ಬೇಕು ಅಂತ ಬಾಯಿಗೆ ಬಂದಿತ್ತು. ನೀನು ಓದಿದವನ ಥರ ಮಾತಾಡಿದ್ಯಲ್ಲ, ಸುಮ್ನಾದೆ. ನಾಳೆ ಬೆಳಿಗ್ಗೆ ಕತ್ತಿ ತಗೊಂಡ್ ಬಾ."

ಮೂರು ವರ್ಷದಿಂದ ಕೀಳುತ್ತಿದ್ದೇವೆ. ಗೆಣ್ಣು ಬಿಡದೆ ಬೆರಳಿನಲ್ಲಿ ಹುಡುಕಿ ಕೀಳಬೇಕು, ಕತ್ತಿ ಹಾಕಿದರೆ ಒಂದು ಹತ್ತಾಗುತ್ತದೆ. ಕಿತ್ತದ್ದನ್ನು ಗ್ಯಾರೇಜಿನ ತಗಡಿನ ಮೇಲೆ ಹರಡಿ ಬೇಸಿಗೆ ಬಿಸಿಲಿನಲ್ಲಿ ಹಪ್ಪಳದ ಹಾಗೆ ಮುರಿಯುವವರೆಗೆ ಬಿಡುತ್ತೇನೆ, ಆಮೇಲೆ ಸುಡುತ್ತೇನೆ. ಸತ್ತ ಕಾಫಿ ಗಿಡಗಳ ಜಾಗಕ್ಕೆ ಬೇರೆ ಹಾಕಿದ್ದಾರೆ. ಆದರೆ ಎಷ್ಟು ಕಿತ್ತರೂ ಬೇಲಿಯ ಕೆಳಗಿನಿಂದ ಮತ್ತೆ ನುಸುಳುತ್ತದೆ. ಬರುವುದು ನಮ್ಮ ಧರೆಯಿಂದ. ಅದರ ತವರು ಇರುವವರೆಗೆ ಅವರ ಗಿಡಗಳಿಗೆ ಉಳಿಗಾಲವಿಲ್ಲ.

ಕಿತ್ತರೆ ಧರೆಯನ್ನು ಹಿಡಿಯುವವರು ಯಾರು?

ಹೋದ ವರ್ಷ ಮೇ ತಿಂಗಳಲ್ಲಿ ಗ್ಯಾರೇಜಿನ ಹಿಂದಿನ ಅರ್ಧ ಧರೆಯನ್ನು ಬೋಳು ಮಾಡಿ ಲಾವಂಚ ನೆಟ್ಟೆ. ಲಾವಂಚದ ಬೇರು ಆಳಕ್ಕೆ ಇಳಿಯುತ್ತದೆ, ಅಡ್ಡಕ್ಕೆ ಓಡುವುದಿಲ್ಲವೆಂದು ಓದಿದ್ದೆ. ಈ ಸಲ ಎರಡು ಕಡೆ ಓದಿದ್ದೆ. ಪುಷ್ಯ ಮಳೆಯಲ್ಲಿ ಒಂದು ಮಧ್ಯಾಹ್ನ ನಾವು ಟೀ ಕುಡಿಯುತ್ತಿದ್ದಾಗ ಹಿಂದೆ ಯಾರೋ ಮೂಟೆ ಇಳಿಸಿದ ಹಾಗೆ ಸದ್ದಾಯಿತು. ಹೋಗಿ ನೋಡಿದರೆ ಮಣ್ಣು ವೆಲ್ಡಿಂಗ್ ಮೇಜಿನವರೆಗೆ ಬಂದಿತ್ತು, ಅದರ ಮೇಲೆ ನನ್ನ ಲಾವಂಚದ ಬುಡಗಳು ತಲೆಕೆಳಗಾಗಿ. ಹತ್ತು ನಿಮಿಷ ಮೊದಲು ಅಬ್ಬಾ ಅದೇ ಮೇಜಿನ ಹತ್ತಿರ ನಿಂತಿದ್ದರು. ಬಳ್ಳಿ ಇದ್ದ ಇನ್ನೊಂದರ್ಧ, ಅಡುಗೆಮನೆಯ ಹಿಂದಿನದು, ಒಂದು ಹಿಡಿ ಮಣ್ಣನ್ನೂ ಬಿಟ್ಟಿರಲಿಲ್ಲ.

ಈಗ ಮತ್ತೆ ಮೇ. ಉಳಿದಿರುವುದು ಆ ಅರ್ಧವೇ. ಮೊನ್ನೆ ಲಲಿತಕ್ಕ ಬಂದು ಹಿಂದಿನ ಬಾಗಿಲಿನಲ್ಲಿ ಅಮ್ಮಿಯ ಜೊತೆ ನಿಂತು ಧರೆ ನೋಡಿದರು.

"ಕೀಳಿಸ್ಬೇಡಿ ಜೈನಬಕ್ಕ," ಎಂದರು. "ನಂದು ಕಾಫಿ ಗಿಡ, ಹೋದ್ರೆ ಇನ್ನೊಂದು ಹಾಕ್ಬಹುದು. ಬೇಲಿ ಹತ್ರ ನಾನು ಕಾಯ್ಕೋತೀನಿ."

"ಎಷ್ಟು ವರ್ಷ ಕಾಯ್ತೀರಿ ಲಲಿತಮ್ಮ, ನಿಮ್ಗೂ ಬೆನ್ನು ಬಗ್ಗಲ್ಲ," ಎಂದರು ಅಮ್ಮಿ. "ಕೀಳ್ಲಿ ಅವ್ನು. ಮಳೆ ಮುಗಿಯೋವರ್ಗೂ ನಾನು ಮುಂದಿನ ಜಗಲಿ ಮೇಲೆ ಒಲೆ ಹಾಕ್ಕೋತೀನಿ."

ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಒಬ್ಬರಾದರೂ ನನ್ನನ್ನು ಬೈದಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತ ನಿಂತಿದ್ದಾರೆ, ಮಧ್ಯೆ ನಾನು ತಂದ ಗೇಣುದ್ದದ ಬಳ್ಳಿ ತಣ್ಣಗೆ ಹೂವು ಬಿಟ್ಟುಕೊಂಡಿದೆ. ನಾನು ಪೇಟೆಗೆ ಬಂದು ಇಲ್ಲಿ ಕೂತಿದ್ದೇನೆ.

ಓದುವವರೇ, ನನಗೆ ಸುಮ್ಮನೆ ಬರೆಯುವ ಚಪಲವಿದೆ, ಒಪ್ಪುತ್ತೇನೆ. ಆದರೆ ಈ ಸಲ ನಾನು ಹೇಳಿದ್ದಕ್ಕಿಂತ ನೀವು ಹೇಳುವುದೇ ಮುಖ್ಯ. ನಿಮ್ಮಲ್ಲಿ ಯಾರಾದರೂ ಧರೆಯ ಮೇಲಿಂದ ಈ ಬಳ್ಳಿ ತೆಗೆದಿದ್ದೀರಾ? ಒಮ್ಮೆಲೇ ತೆಗೆದಿರೋ, ಪಟ್ಟಿ ಪಟ್ಟಿಯಾಗಿ ತೆಗೆದಿರೋ? ಅದರ ಜಾಗಕ್ಕೆ ಏನು ಹಾಕಿದಿರಿ, ಅದು ಬೇರು ಬಿಡಲು ಎಷ್ಟು ಮಳೆಗಾಲ ಹಿಡಿಯಿತು? ಬಳ್ಳಿಯ ನಡುವೆಯೇ ಲಾವಂಚ ನೆಟ್ಟು, ಅದು ಗಟ್ಟಿಯಾದ ಮೇಲೆ ಬಳ್ಳಿ ತೆಗೆದವರು ಇದ್ದೀರಾ, ಅಥವಾ ಬಳ್ಳಿ ಅದನ್ನೂ ಮುಚ್ಚಿತೇ? ಹೂವಿನ ಫೋಟೋ ಕಳಿಸಬೇಡಿ, ನೋಡಿದ್ದೇನೆ. ಮಣ್ಣು ನಿಂತಿತೋ ಬಿತ್ತೋ ಅದನ್ನು ಬರೆಯಿರಿ, ಬಿದ್ದಿದ್ದರೆ ಮುಚ್ಚಿಡದೆ ಬರೆಯಿರಿ. ಮಳೆ ಹಿಡಿಯುವ ಮೊದಲು ಬಂದರೆ ಒಳ್ಳೆಯದು. ಒಲೆ ಎಲ್ಲಿ ಹಾಕಲಿ ಎಂದು ಅಮ್ಮಿ ದಿನಾ ಕೇಳುತ್ತಿದ್ದಾರೆ.